ಭುಜದ ಕೀಲು ಮತ್ತೆ ಮತ್ತೆ ತಪ್ಪುವುದೇಕೆ?

ತೆಂಗಿನ ಮರದಿಂದ ಜಾರಿಯೋ, ಗದ್ದೆಯ ಕೆಸರಿನಲ್ಲಿ ಕೈಯೂರಿ ಬಿದ್ದೋ, ಕುಸ್ತಿಯಲ್ಲೋ ಭುಜದ ಕೀಲು ತಪ್ಪುವುದುಂಟು. ಕೀಲು ಕೂರಿಸಿ ನೋವು ಇಳಿದೊಡನೆ ವಾಸಿಯಾಯಿತೆಂದು ಕೆಲಸಕ್ಕೆ ಇಳಿಯುತ್ತೇವೆ. ಒಳಗಿನ ಗಾಯ ಹಾಗೆಯೇ ಉಳಿದಿರುತ್ತದೆ.

ತೋಳಿನ ಮೂಳೆಯ ತಲೆ ಚೆಂಡಿನಂತೆ ದುಂಡು. ಅದು ಕೂರುವ ಗುಳಿ ತಟ್ಟೆಯಂತೆ ಆಳವಿಲ್ಲದ್ದು. ಗುಳಿಯ ಸುತ್ತ ನಾರಿನಂಥ ಅಂಚು ಬದುವಿನಂತೆ ನಿಂತು ಚೆಂಡನ್ನು ತಡೆಯುತ್ತದೆ. ಕೀಲು ಮುಂದಕ್ಕೆ ತಪ್ಪಿದಾಗ ಹೆಚ್ಚಾಗಿ ಮುಂಭಾಗದ ಅಂಚು ಕಿತ್ತುಬರುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಬ್ಯಾಂಕಾರ್ಟ್ 1923ರಲ್ಲಿ ಇದನ್ನು ವಿವರಿಸಿದರು. ಬದು ಒಡೆದಲ್ಲೇ ನೀರು ಮತ್ತೆ ನುಗ್ಗುವಂತೆ, ಮೂಳೆಯೂ ಅದೇ ದಾರಿಯಲ್ಲಿ ಜಾರುತ್ತದೆ. ಸಲಸಲಕ್ಕೂ ಗುಳಿಯ ಮೂಳೆ ಸವೆಯಬಹುದು; ಚೆಂಡಿನ ಹಿಂಬದಿಯಲ್ಲಿ ತಗ್ಗು ಬೀಳಬಹುದು. ಹರೆಯದ ಹುಡುಗರಲ್ಲಿ ಮರುಕಳಿಸುವುದು ಹೆಚ್ಚು.

ಆದ್ದರಿಂದ:

1. ಊರಿನಲ್ಲಿ ಎಳೆದು ಕೂರಿಸಬೇಡಿ, ನರಕ್ಕೆ ಪೆಟ್ಟಾದೀತು. ತೋಳನ್ನು ಟವಲಿನ ಜೋಲಿಯಲ್ಲಿಟ್ಟು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

2. ಎಕ್ಸ್‌ರೇ ತೆಗೆಸಿರಿ. ವೈದ್ಯರು ಹೇಳಿದಷ್ಟು ದಿನ ಜೋಲಿ ಬಿಚ್ಚಬೇಡಿ. ಆಮೇಲೆ ಅವರು ಕಲಿಸುವ ವ್ಯಾಯಾಮ ಬಿಡಬೇಡಿ.

3. ಎರಡನೆಯ ಸಲ ತಪ್ಪಿದರೆ ತಡಮಾಡದೆ ಮೂಳೆ ವೈದ್ಯರನ್ನು ಕಾಣಿರಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರಿಗೂ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ದೂರವಲ್ಲ. ಕಿತ್ತ ಅಂಚನ್ನು ಶಸ್ತ್ರಚಿಕಿತ್ಸೆಯಿಂದ ಮೂಳೆಗೆ ಮತ್ತೆ ಹೊಲಿಯಬಹುದು.

ಒಡೆದ ಬದುವಿಗೆ ಅಂದೇ ಮಣ್ಣು ಹಾಕುವ ನಾವು ಭುಜವನ್ನೇಕೆ ಮರೆಯಬೇಕು?