ಅಂಗಿಯ ಹತ್ತಿ ಎಲ್ಲಿ ಬೆಳೆದದ್ದು?

ವಿದ್ಯಾರ್ಥಿಗಳೇ, ನೀವು ತೊಟ್ಟಿರುವ ಅಂಗಿಯ ಕಾಲರಿನ ಒಳಗಿರುವ ಲೇಬಲ್ ಓದಿ. ಅಲ್ಲಿ ಒಂದು ದೇಶದ ಹೆಸರಿರುತ್ತದೆ. ಸಾಮಾನ್ಯವಾಗಿ ಅದು ಅಂಗಿ ಹೊಲಿದ ದೇಶ. ಹತ್ತಿ ಬೆಳೆದದ್ದು, ನೂಲು ತೆಗೆದದ್ದು, ಬಟ್ಟೆ ನೇಯ್ದದ್ದು ಬೇರೆ ದೇಶಗಳಲ್ಲಿ ಆಗಿರಬಹುದು. ಅದನ್ನು ಲೇಬಲ್ ಹೇಳುವುದಿಲ್ಲ.

ಚೀನಾದ ವಾಯವ್ಯದಲ್ಲಿ ಷಿನ್‌ಜಿಯಾಂಗ್ ಎಂಬ ವಿಶಾಲ ಪ್ರದೇಶವಿದೆ. ಪ್ರಪಂಚದ ಹತ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ಇಲ್ಲಿಯದು. ಟೊಮೇಟೊ ಮತ್ತು ಸೋಲಾರ್ ಫಲಕಗಳಿಗೆ ಬೇಕಾದ ಪಾಲಿಸಿಲಿಕಾನ್ ಕೂಡ ಇಲ್ಲಿಂದ ಬರುತ್ತವೆ. ಒಂದು ಕೋಟಿಗೂ ಹೆಚ್ಚಿರುವ ಉಯ್ಗುರ್ ಮುಸ್ಲಿಮರು ಇಲ್ಲಿನ ಮೂಲನಿವಾಸಿಗಳು. 2017ರಿಂದ ಇಲ್ಲಿ ಹತ್ತು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರನ್ನು ವಿಚಾರಣೆಯಿಲ್ಲದೆ ಶಿಬಿರಗಳಲ್ಲಿ ಕೂಡಿಹಾಕಲಾಯಿತೆಂದು ಸಂಶೋಧಕರ ಅಂದಾಜು. ಇದಲ್ಲದೆ ಹಳ್ಳಿಗರನ್ನು ಕಾರ್ಖಾನೆ, ಹೊಲಗಳಿಗೆ ಕಳುಹಿಸುವ ಸರ್ಕಾರಿ ಯೋಜನೆಗಳೂ ಇವೆ. ಇದು ಬಡತನ ನಿವಾರಣೆ, ಎಲ್ಲರೂ ಇಷ್ಟಪಟ್ಟೇ ಹೋಗುತ್ತಾರೆ ಎನ್ನುತ್ತದೆ ಚೀನಾ ಸರ್ಕಾರ. ಆದರೆ ಒಲ್ಲೆ ಎಂದರೆ ಶಿಬಿರ ಸೇರಬೇಕಾದೀತು ಎಂಬ ಭಯವಿರುವಲ್ಲಿ ಒಪ್ಪಿಗೆಗೆ ಏನು ಅರ್ಥ? ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರ ಆಗಸ್ಟ್ 31ರಂದು ಪ್ರಕಟಿಸಿದ ವರದಿ, ಈ ಯೋಜನೆಗಳಲ್ಲಿ ಬಲವಂತದ ಅಂಶಗಳು ಕಾಣುತ್ತವೆ ಎಂದಿತು.

ಕೂಲಿ ಕೊಟ್ಟ ಮಾತ್ರಕ್ಕೆ ದುಡಿಮೆ ಸ್ವತಂತ್ರವಾಗುವುದಿಲ್ಲ. ಶಿಕ್ಷೆಯ ಬೆದರಿಕೆಯಿಂದ, ಮನಸ್ಸಿಲ್ಲದವರಿಂದ ಮಾಡಿಸುವ ಕೆಲಸವೇ ಬಲವಂತದ ದುಡಿಮೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1930ರ ಒಡಂಬಡಿಕೆ ಹೇಳುತ್ತದೆ. ಚೀನಾ ಕೂಡ 2022ರಲ್ಲಿ ಇದನ್ನು ಅನುಮೋದಿಸಿದೆ.

ತಡೆಯುವುದು ಹೇಗೆ? ಸ್ಥಳಕ್ಕೆ ಹೋಗಿ ವಿಚಾರಿಸಿದರೆ ಕಾರ್ಮಿಕರು ನಿರ್ಭಯವಾಗಿ ಮಾತನಾಡಲಾರರು. ಆದ್ದರಿಂದ 2022ರ ಜೂನ್ 21ರಂದು ಜಾರಿಯಾದ ಅಮೆರಿಕದ ಕಾನೂನು ಬೇರೆ ದಾರಿ ಹಿಡಿಯಿತು. ಷಿನ್‌ಜಿಯಾಂಗಿನಲ್ಲಿ ಪೂರ್ತಿಯಾಗಿ ಅಥವಾ ಸ್ವಲ್ಪವಾದರೂ ತಯಾರಾದ ಸರಕನ್ನು ಬಲವಂತದ ದುಡಿಮೆಯದೆಂದೇ ಭಾವಿಸಿ ತಡೆಯಲಾಗುತ್ತದೆ. ಅಲ್ಲವೆಂದು ಸಾಬೀತುಪಡಿಸುವ ಹೊಣೆ ಆಮದು ಮಾಡುವವರದು. ಬಲವಂತದ ದುಡಿಮೆಯ ಸರಕನ್ನು, ಅದು ಯಾವ ದೇಶದ್ದೇ ಆಗಲಿ, ನಿಷೇಧಿಸುವ ಕಾನೂನನ್ನು ಯುರೋಪಿಯನ್ ಒಕ್ಕೂಟ 2024ರಲ್ಲಿ ಒಪ್ಪಿತು. ಅದು ಅನ್ವಯವಾಗುವ ದಿನಾಂಕ 2027ರ ಡಿಸೆಂಬರ್ 14.

ಕೊಳ್ಳುವವರು ಕೇಳಿದರೆ ಕಂಪನಿಗಳು ಉತ್ತರ ಹುಡುಕಲೇಬೇಕಾಗುತ್ತದೆ. ನಾವು ಕೇಳದಿದ್ದರೆ ಕಡಿಮೆ ಬೆಲೆಯೊಂದೇ ಲೆಕ್ಕಕ್ಕೆ ಬರುತ್ತದೆ. ಒಂದು ಮಾತು ನೆನಪಿರಲಿ: ನಮ್ಮ ಪ್ರಶ್ನೆ ಬಲವಂತದ ವಿರುದ್ಧ, ತರಗತಿಯಲ್ಲಿರುವ ಚೀನೀ ಗೆಳೆಯರ ವಿರುದ್ಧವಲ್ಲ.

ಅಭ್ಯಾಸ

1. ಮನೆಯ ಐದು ಬಟ್ಟೆಗಳ ಲೇಬಲ್ ಓದಿ. ತಿಳಿದದ್ದೇನು, ತಿಳಿಯದೆ ಉಳಿದದ್ದೇನು, ಪಟ್ಟಿ ಮಾಡಿ.
2. ಭಾರತದಲ್ಲಿ 1976ರ ಕಾನೂನು ಜೀತವನ್ನು ರದ್ದು ಮಾಡಿತು. ‘ಜೀತ’ ಎಂದರೇನೆಂದು ಅಜ್ಜಿ-ತಾತಂದಿರನ್ನು ಕೇಳಿ ಬರೆಯಿರಿ.
3. “ನಿಮ್ಮ ಹತ್ತಿ ಎಲ್ಲಿ ಬೆಳೆದದ್ದು?” ಎಂದು ಒಂದು ಬಟ್ಟೆ ಕಂಪನಿಗೆ ವಿನಯದಿಂದ ಪತ್ರ ಬರೆಯಿರಿ.