ನೆಲನೆಲ್ಲಿಯ ನಿಜರೂಪ

ಪುತ್ತೂರು, ಸುಳ್ಯ, ಕಡಬ ಸೀಮೆಯ ಅಡಕೆ ತೋಟಗಳಲ್ಲಿ ಮಳೆಗಾಲವು ಕಾಲಿಟ್ಟ ಕೆಲವೇ ವಾರಗಳಲ್ಲಿ ತಲೆಯೆತ್ತುವ ಸಸ್ಯಗಳ ಪೈಕಿ ನೆಲನೆಲ್ಲಿಯು ಅತ್ಯಂತ ಪರಿಚಿತವಾದುದು. ವೈದ್ಯಗ್ರಂಥಗಳ ಭೂಮ್ಯಾಮಲಕಿಯೆಂದರೆ ಇದೇ. ಗೇಣುದ್ದದ ಈ ಗಿಡವನ್ನು ಕಾಮಾಲೆಗೆ ಮದ್ದೆಂದು ಕಿತ್ತು ತರುವ ವಾಡಿಕೆ ಬಹು ಹಳೆಯದು. ಆದರೆ ಹಾಗೆ ತಂದ ಒಂದು ಹಿಡಿಯಲ್ಲಿ ಎರಡು ಮೂರು ಪ್ರಭೇದಗಳು ಕಲೆತಿರುವುದುಂಟು.

ಈ ಗೊಂದಲವು ಹಳ್ಳಿಗರದು ಮಾತ್ರವಲ್ಲ. ಲಿನೇಯಸನು 1753ರಲ್ಲಿ ಹೆಸರಿಸಿದ 'ಫಿಲಾಂತಸ್ ನಿರೂರಿ' ಅಮೆರಿಕ ಖಂಡದ ಸಸ್ಯ. ನಮ್ಮ ನೆಲನೆಲ್ಲಿಯನ್ನೂ ಭಾರತದ ಸಸ್ಯಗ್ರಂಥಗಳು ದೀರ್ಘಕಾಲ ಅದೇ ಹೆಸರಿನಿಂದ ಕರೆದುವು. ಆ ಒಂದು ಹೆಸರಿನಡಿ ಅಮಾರಸ್, ಫ್ರಾಟರ್ನಸ್, ಡೆಬಿಲಿಸ್ ಎಂಬ ಮೂರು ಪ್ರಭೇದಗಳು ಅಡಗಿವೆಯೆಂದು ಮಿತ್ರಾ ಮತ್ತು ಜೈನ್ ಅವರು 1985ರಲ್ಲಿ ತೋರಿಸಿಕೊಟ್ಟರು.

ಪರೀಕ್ಷಿಸುವವರು ಮೊದಲು ಗಿಡದ ಅಡಿಭಾಗವನ್ನು ನೋಡತಕ್ಕದ್ದು. ಸಂಯುಕ್ತ ಪತ್ರದಂತೆ ತೋರುವುದು ವಾಸ್ತವವಾಗಿ ಎಲೆಗಳನ್ನು ಹೊತ್ತ ಕಿರುಕೊಂಬೆ. ಪ್ರತಿ ಎಲೆಯ ಕಂಕುಳಲ್ಲಿ ಹೂವು ಮೂಡುವುದೇ ಅದಕ್ಕೆ ಸಾಕ್ಷಿ. ಹೂವಾದರೋ ಸಾಸಿವೆಗಿಂತ ತುಸು ದೊಡ್ಡದಷ್ಟೆ. ಭೂತಗನ್ನಡಿಯಿಲ್ಲದೆ ಅದರ ಗುಟ್ಟು ತಿಳಿಯದು. ಅಮಾರಸ್ ಪ್ರಭೇದದಲ್ಲಿ ಹೂದಳಗಳು ಐದು. ಕೊಂಬೆಯ ತುದಿಯತ್ತಣ ಎಲೆಗಳ ಕಂಕುಳಲ್ಲಿ ಒಂದು ಗಂಡು, ಒಂದು ಹೆಣ್ಣು ಹೂವು ಜೊತೆಯಾಗಿರುತ್ತವೆ. ಇದು ಕಂಡಿತೆಂದರೆ ಸಂದೇಹಕ್ಕೆ ಎಡೆಯಿಲ್ಲ. ಫ್ರಾಟರ್ನಸ್ ಮತ್ತು ಡೆಬಿಲಿಸ್‌ಗಳಲ್ಲಿ ದಳಗಳು ಆರು. ಗಂಡು ಹೆಣ್ಣುಗಳು ಹೀಗೆ ಜೊತೆಗೂಡುವುದಿಲ್ಲ.

ಕೆಂಪು ನೆಲನೆಲ್ಲಿಯೆಂಬ 'ಫಿಲಾಂತಸ್ ಯೂರಿನೇರಿಯ'ವನ್ನು ಬೇರ್ಪಡಿಸಲು ಇಷ್ಟು ಶ್ರಮ ಬೇಡ. ಕಾಂಡಕ್ಕೆ ಕೆಂಪು ಛಾಯೆಯಿರುತ್ತದೆ, ಎಲೆಯಂಚು ಬೆರಳಿಗೆ ಒರಟು. ಆದರೆ ಬಣ್ಣವೊಂದನ್ನೇ ನೆಚ್ಚುವುದು ಸಲ್ಲದು. ಬಿಸಿಲಿಗೆ ಬೆಳೆದ ಬೇರೆ ಗಿಡವೂ ಕೆಂಪೇರಬಹುದು. ಕಾಯಿಯನ್ನು ನೋಡುವುದೇ ಲೇಸು. ಅಮಾರಸ್‌ನ ಕಾಯಿ ನುಣುಪು, ಸಣ್ಣ ತೊಟ್ಟಿನಿಂದ ಎಲೆಯಡಿ ತೂಗುತ್ತದೆ. ಯೂರಿನೇರಿಯದ್ದು ಗಂಟುಗಂಟಾಗಿ, ತೊಟ್ಟೇ ಇಲ್ಲವೆಂಬಂತೆ ಕೊಂಬೆಗೆ ಅಂಟಿರುತ್ತದೆ. ಬೀಜದಲ್ಲಿಯೂ ಭೇದವುಂಟು: ಮೊದಲನೆಯದಕ್ಕೆ ಉದ್ದಗೆರೆ, ಎರಡನೆಯದಕ್ಕೆ ಅಡ್ಡಗೆರೆ.

ಈ ಸೂಕ್ಷ್ಮಗಳ ಬೆಲೆ ಏನೆಂಬುದು 1988ರ ಬಳಿಕ ಲೋಕಕ್ಕೆ ತಿಳಿಯಿತು. ತ್ಯಾಗರಾಜನ್ ಮತ್ತು ನೊಬೆಲ್ ಪುರಸ್ಕೃತ ಬ್ಲಂಬರ್ಗ್ ಮೊದಲಾದವರು ಆ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯಂತೆ, ಅಮಾರಸ್ ಸೇವಿಸಿದ 37 ಮಂದಿ ಹೆಪಟೈಟಿಸ್ ಬಿ ವಾಹಕರಲ್ಲಿ 22 ಮಂದಿಯ ರಕ್ತದಿಂದ ಆ ವೈರಸ್ಸಿನ ಮೇಲ್ಮೈ ಪ್ರತಿಜನಕವು ಕಾಣೆಯಾಗಿತ್ತು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಒಬ್ಬರದು ಮಾತ್ರ. ಮುಂದೆ ಇತರ ದೇಶಗಳಲ್ಲಿ ನಡೆದ ಪ್ರಯೋಗಗಳು ಅಂತಹ ಫಲವನ್ನು ಕಾಣಲಿಲ್ಲ. ಬಳಸಿದ ಗಿಡವೇ ಬೇರೆಯಾಗಿತ್ತೇ, ಬೆಳೆದ ನೆಲ ಬೇರೆಯೇ, ಅಥವಾ ಮೊದಲ ಫಲಿತಾಂಶವೇ ನಿಲ್ಲತಕ್ಕದ್ದಲ್ಲವೇ ಎಂಬ ಚರ್ಚೆ ಎದ್ದಿತು. ಕಾಮಾಲೆಗೆ ಕಾರಣಗಳೂ ಹಲವು. ಗಿಡವನ್ನು ಗುರುತಿಸಿದ ಮಾತ್ರಕ್ಕೆ ರೋಗವನ್ನು ಗುರುತಿಸಿದಂತಾಗದು, ಅದು ವೈದ್ಯರ ಕೆಲಸ.

ಶಾಲೆಯ ಸಸ್ಯಸಂಗ್ರಹಕ್ಕೆ ನೆಲನೆಲ್ಲಿಯನ್ನು ಒಣಗಿಸುವವರು ಹೂವು, ಕಾಯಿಗಳೆರಡೂ ಇರುವ ಗಿಡವನ್ನು ಬೇರುಸಹಿತ ಆರಿಸಿ, ಒಂದೆರಡು ಕೊಂಬೆಗಳನ್ನು ಮಗುಚಿ ಅಂಟಿಸಬೇಕು. ಬೇಕಾದುದೆಲ್ಲ ಇರುವುದು ಎಲೆಯ ಕೆಳಮಗ್ಗುಲಲ್ಲಿ.