ಸಮುದ್ರ ದಾಟಿ ಬಂದ ಸಿನಿಮಾ

ಚಿರಂಜೀವಿ ಪ್ರಸಾದನಿಗೆ,

ಬಹರೈನ್‌ನ ಮನಾಮದ ಸೆಕೆಯಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂಬುದೊಂದೇ ನಿನ್ನಮ್ಮನ ಚಿಂತೆ. ಮೊನ್ನೆ ಮನೆಯ ವಾಟ್ಸಾಪ್ ಗುಂಪಿಗೆ ಹೊಸ ಕನ್ನಡ ಸಿನಿಮಾದ ಟೆಲಿಗ್ರಾಂ ಲಿಂಕ್ ಹಾಕಿ, "ಮಾವ, ಪ್ರಿಂಟ್ ಚೆನ್ನಾಗಿದೆ" ಎಂದೆಯಲ್ಲ. ನಿನ್ನ ಪ್ರೀತಿ ತಿಳಿಯಿತು. ಆದರೆ ಅದನ್ನು ಒತ್ತಲು ಮನಸ್ಸು ಬರಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಅಲ್ಲಿದ್ದಾಗ ನಮಗೆ ಕನ್ನಡ ಸಿನಿಮಾ ಎಂದರೆ ಬಾಡಿಗೆಯ ವಿಡಿಯೋ ಕ್ಯಾಸೆಟ್. ರೂಮಿನವರೆಲ್ಲ ಚಾಪೆ ಹಾಸಿ ಕೂರುತ್ತಿದ್ದೆವು. ನಕಲಿನ ನಕಲು, ಮುಖಕ್ಕಿಂತ ಗೆರೆಗಳೇ ಜಾಸ್ತಿ. ಅದರಲ್ಲಿ ನಿರ್ಮಾಪಕನಿಗೆ ಎಷ್ಟು ಹೋಯಿತೆಂದು ನಾವ್ಯಾರೂ ಕೇಳಲಿಲ್ಲ. ಥಿಯೇಟರಿಗೆ ಕನ್ನಡ ಬರುವುದೇ ಅಪರೂಪ ಎನ್ನುತ್ತಿದ್ದೆವು. ಅದು ನಿಜವೂ ಹೌದು, ನೆಪವೂ ಹೌದು.

ಸೌದಿಯನ್ನು ಬಹರೈನ್‌ಗೆ ಜೋಡಿಸುವ ಕಿಂಗ್ ಫಹದ್ ಸೇತುವೆ 1986ರಲ್ಲಿ ತೆರೆಯಿತು. ಸೌದಿಯಲ್ಲಿ 2018ರವರೆಗೆ ಥಿಯೇಟರುಗಳೇ ಇರಲಿಲ್ಲವಾದ್ದರಿಂದ ದಮ್ಮಾಮ್, ಖೋಬರ್‌ನ ಜನ ವಾರದ ರಜೆಗೆ 25 ಕಿಲೋಮೀಟರ್ ಸಮುದ್ರ ದಾಟಿ, ಗಡಿಯ ಸಾಲಿನಲ್ಲಿ ಕಾದು, ಬಹರೈನ್‌ಗೆ ಸಿನಿಮಾ ನೋಡಲು ಬರುತ್ತಿದ್ದರು. ನಿನಗೆ ರೂಮಿನ ಹತ್ತಿರವೇ ಮಾಲ್ ಇದೆ, ಮಾರಾಯ!

ಕಾನೂನಿನ ಹೆದರಿಕೆ ಹಾಕಲು ಇದನ್ನು ಬರೆಯುತ್ತಿಲ್ಲ. ಬಹರೈನ್‌ಗೆ 2006ರ ಕೃತಿಸ್ವಾಮ್ಯ ಕಾಯಿದೆ ಇದೆ. ನಮ್ಮಲ್ಲೂ 2023ರ ತಿದ್ದುಪಡಿಯಂತೆ ಥಿಯೇಟರಿನಲ್ಲಿ ಕದ್ದು ಚಿತ್ರೀಕರಿಸಿದವನಿಗೆ ಕನಿಷ್ಠ 3 ತಿಂಗಳು ಜೈಲು, 3 ಲಕ್ಷ ರೂಪಾಯಿ ದಂಡ. ಫೋನ್ ಹಿಡಿದು ಮಲಗಿ ನೋಡುವ ನಿನ್ನನ್ನು ಪೊಲೀಸರು ಹುಡುಕಿಕೊಂಡು ಬರಲಾರರು. ನನ್ನ ಸಂಕಟ ಬೇರೆ.

ಗಲ್ಫಿನಲ್ಲಿ ಮಲಯಾಳಂ, ಹಿಂದಿ ಸಿನಿಮಾಗಳಿಗೆ ಸಿಗುವಷ್ಟು ಪರದೆ ಕನ್ನಡಕ್ಕೆ ಸಿಗುವುದಿಲ್ಲ. ಶುಕ್ರವಾರ ಒಂದೋ ಎರಡೋ ಆಟ. ಸೀಟು ಖಾಲಿ ಉಳಿದರೆ ಮುಂದಿನ ಸಿನಿಮಾ ತರಿಸುವವನು ಹಿಂದೆಮುಂದೆ ನೋಡುತ್ತಾನೆ. ಅವನಿಗೆ ನಿನ್ನ ಭಾಷಾಭಿಮಾನ ಕಾಣುವುದಿಲ್ಲ, ಟಿಕೆಟ್ಟು ಕಾಣುತ್ತದೆ. "ಕಾಂತಾರ" 2022ರ ಸೆಪ್ಟೆಂಬರ್ 30ರಂದು ಬಂದದ್ದು ಕನ್ನಡದಲ್ಲಿ ಮಾತ್ರ. ಜನ ಥಿಯೇಟರಿಗೆ ನುಗ್ಗಿದ್ದರಿಂದಲೇ ಸುಮಾರು ಎರಡು ವಾರದಲ್ಲಿ ಹಿಂದಿ, ತೆಲುಗಿಗೆ ಡಬ್ ಆಗಿ ಬಂತು. ಪವನ್ ಕುಮಾರ್ ಅವರ "ಲೂಸಿಯಾ"ಕ್ಕಂತೂ ಹಣ ಹಾಕಿದ್ದೇ ನೂರಕ್ಕೂ ಹೆಚ್ಚು ಮಂದಿ ಪ್ರೇಕ್ಷಕರು. ಅಂಥದ್ದನ್ನು ಪುಕ್ಕಟೆ ಹಂಚಿದರೆ ಕಿಸೆ ಖಾಲಿಯಾಗುವುದು ಯಾವುದೋ ದೊಡ್ಡ ಕಂಪನಿಯದ್ದಲ್ಲ, ನಿನ್ನಂಥವರದ್ದೇ.

ಅಲ್ಲಿಗೆ ಬಾರದ ಸಿನಿಮಾವೂ ಇರುತ್ತದೆ. ಒಟಿಟಿಗೆ ಬರುವವರೆಗೆ ಕಾಯಿ. ಅಲ್ಲೂ ಬರದಿದ್ದರೆ ಊರಿಗೆ ಬಂದಾಗ ನೋಡೋಣ. ಅಲ್ಲಿನ ಥಿಯೇಟರಿಗೆ ಬಂದರೆ ಮಾತ್ರ ಮೊದಲ ಶುಕ್ರವಾರವೇ ಹೋಗು. ಕನ್ನಡ ಸಂಘದ ಹುಡುಗರನ್ನು ನಾಲ್ಕು ಜನ ಕರೆದುಕೋ. ದಿನಾರನ್ನು ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಬೇಡ, ಹಾಗೆ ಹಾಕಿದರೆ ಗಲ್ಫಿನಲ್ಲಿ ಒಂದು ಚಾ ಕೂಡ ಗಂಟಲಿಗಿಳಿಯದು. ಈ ತಿಂಗಳು ಕೈ ಬಿಗಿಯಿದ್ದರೆ ಟಿಕೆಟ್ಟಿನದ್ದು ನಾನು ಕಳಿಸುತ್ತೇನೆ. ನಿನ್ನಮ್ಮನಿಗೆ ಹೇಳಬೇಡ.

ಇಂತಿ,
ನಿನ್ನ ಮಾವ